ಓದುಗರ ಪ್ರಶ್ನೆ: ಜೋಜಿಲಾ ಏರಿದ ಟ್ಯಾಂಕುಗಳು

ಪ್ರಶ್ನೆ: ಜನರಲ್ ತಿಮ್ಮಯ್ಯನವರು 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು ಎನ್ನುತ್ತಾರೆ. ಕುದುರೆದಾರಿಯಷ್ಟೇ ಇದ್ದ ಕಡೆ ಅದು ಹೇಗೆ ಸಾಧ್ಯವಾಯಿತು? (ಸಕಲೇಶಪುರದ ಓದುಗರು)

ಉತ್ತರ: ಸಾಧ್ಯವಾದದ್ದು ಮೊದಲು ರಸ್ತೆಯಿಂದ, ಆಮೇಲೆ ಟ್ಯಾಂಕಿನಿಂದ. ಶ್ರೀನಗರದಿಂದ ಲಡಾಖ್‌ನ ಲೇಹ್‌ಗೆ ಹೋಗುವ ದಾರಿ 11,500 ಅಡಿಗೂ ಎತ್ತರದ ಈ ಕಣಿವೆಯನ್ನು ದಾಟಲೇಬೇಕು. ಪಾಕಿಸ್ತಾನದ ಕಡೆಯ ಎದುರಾಳಿಗಳು ಎರಡೂ ಬದಿಯ ಬಂಡೆಗಳಲ್ಲಿ ಮೆಷಿನ್ ಗನ್ ಹೂಡಿ ಕೂತಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳು ಪಡೆ ನಡೆಸಿದ ದಾಳಿ ಅಲ್ಲೇ ಮುರಿಯಿತು. ಹಿಮ ಬಿದ್ದು ದಾರಿ ಮುಚ್ಚಿದರೆ ಲೇಹ್‌ನ ಗತಿ ಏನು ಎಂಬುದೇ ಚಿಂತೆ.

7ನೇ ಕ್ಯಾವಲ್ರಿ ಎಂಬ ಟ್ಯಾಂಕು ಪಡೆಯ ಹಗುರವಾದ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ತರಿಸಲಾಯಿತು. ತೋಪು ಕೂತಿರುವ ಮೇಲ್ಗೋಪುರ ಬಿಚ್ಚಿದರೆ ಎರಡು ಲಾಭ: ದುರ್ಬಲ ಸೇತುವೆಗಳ ಮೇಲೆ ಭಾರ ತಗ್ಗುತ್ತದೆ, ನೋಡಿದವರಿಗೆ ಅದು ಟ್ಯಾಂಕು ಎಂದು ಸುಲಭಕ್ಕೆ ತಿಳಿಯುವುದಿಲ್ಲ. ಹಾಗೆ ಬಿಚ್ಚಿಯೇ ಸಾಗಿಸಿ, ಮುಂದೆ ಮತ್ತೆ ಕೂರಿಸಿದರು. ಕಣಿವೆಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ದಾರಿ ಅಗಲಿಸಿದವರು ಮದ್ರಾಸ್ ಸ್ಯಾಪರ್‌ಗಳು, ಅಂದರೆ ನಮ್ಮ ಬೆಂಗಳೂರಿನಲ್ಲೇ ಕೇಂದ್ರವಿರುವ, ಸೇನೆಯ ಇಂಜಿನಿಯರ್ ಪಡೆ. ಈ ಕತೆ ಹೇಳುವಾಗ ಅವರನ್ನು ಬಿಟ್ಟುಬಿಡುವುದು ದೊಡ್ಡ ಅನ್ಯಾಯ.

ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ. 70 ಮಾತ್ರ. ಪೆಟ್ರೋಲ್ ಇಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯುತ್ತದೆ. ಚಳಿಗೆ ಆಯಿಲ್ ಗಟ್ಟಿಯಾಗುತ್ತದೆ, ಬ್ಯಾಟರಿ ಸೋಲುತ್ತದೆ, ಹಿಮದ ಮೇಲೆ ಉಕ್ಕಿನ ಪಟ್ಟಿ ಜಾರುತ್ತದೆ. ಹೀಗಾಗಿ ಹಗುರ ಟ್ಯಾಂಕೇ ಬೇಕಿತ್ತು. ಹವಾಮಾನ ಕೆಟ್ಟು ದಿನ ಮುಂದೆ ಹೋಗಿ, ಕೊನೆಗೆ ನವೆಂಬರ್ 1ರ ಮಧ್ಯಾಹ್ನ ದಾಳಿ ನಡೆಯಿತು. 37 ಮಿ.ಮೀ. ತೋಪುಗಳು ಬಂಕರುಗಳಿಗೆ ಹತ್ತಿರದಿಂದಲೇ ಗುಂಡು ಹಾರಿಸಿದವು. ಡಿವಿಷನ್ನಿನ ಮುಖ್ಯಸ್ಥರಾದ ತಿಮ್ಮಯ್ಯನವರು ಹಿಂದೆ ನಿಲ್ಲದೆ ಮುಂಚೂಣಿಯ ಟ್ಯಾಂಕಿನಲ್ಲೇ ಇದ್ದರು. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿದವು.

ಪ್ರಶ್ನೆ: ಮಗಳ ಪ್ರಬಂಧಕ್ಕೆ ಬೇಕು. ಅವರೂ ಫೀಲ್ಡ್ ಮಾರ್ಷಲ್ ಆಗಿದ್ದರೇ? ಯಾವ ಪದಕ ಬಂದಿತ್ತು? (ಹಾಸನದ ಓದುಗರು)

ಉತ್ತರ: ಇಲ್ಲ. ಫೀಲ್ಡ್ ಮಾರ್ಷಲ್ ಆದವರು ಕಾರ್ಯಪ್ಪನವರು. ಇಬ್ಬರೂ ಕೊಡಗಿನವರಾದ್ದರಿಂದ ಶಾಲೆಯ ಪ್ರಬಂಧಗಳಲ್ಲಿ ಈ ತಪ್ಪು ಪದೇಪದೇ ನುಸುಳುತ್ತದೆ. ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕಾಳಗಕ್ಕಾಗಿ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಬಂತು. ಅದು ಯುದ್ಧದಲ್ಲಿ ಪಡೆಯನ್ನು ಮುನ್ನಡೆಸಿದ ಅಧಿಕಾರಿಗಳಿಗೆ ಕೊಡುವ ಗೌರವ. 1954ರಲ್ಲಿ ಪದ್ಮಭೂಷಣ ಬಂತು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರ ಡಿಸೆಂಬರ್ 18ರಂದು ತೀರಿಕೊಂಡರು. ಪ್ರಬಂಧದಲ್ಲಿ ಈ ಕೊನೆಯ ಸಾಲು ಖಂಡಿತ ಇರಲಿ.

ಪ್ರಶ್ನೆ: ಮಡಿಕೇರಿಯಲ್ಲಿ ಅವರ ಮನೆ ನೋಡಬಹುದೇ?

ಉತ್ತರ: ನೋಡಬಹುದು. ಅವರು ಹುಟ್ಟಿದ ಮನೆ 'ಸನ್ನಿ ಸೈಡ್' 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಆವರಣದಲ್ಲಿರುವ ಟ್ಯಾಂಕು ಜೋಜಿಲಾ ಏರಿದ್ದು ಎಂದು ಮಕ್ಕಳಿಗೆ ಹೇಳಬೇಡಿ. ಅದು ನಂತರದ ಕಾಲದ ಟಿ-55, ಸ್ಟುವರ್ಟ್‌ನ ಎರಡು ಪಟ್ಟಿಗೂ ಹೆಚ್ಚು ತೂಕದ್ದು.