ಪಟಪಟ ಓದ್ತಾನೆ, ಏನ್ ಓದಿದೆ ಅಂದ್ರೆ ಗೊತ್ತಿಲ್ಲ

ಓದಿನ ತೊಂದರೆಗೆ ಸಲಹೆ ಕೇಳೋಕೆ ನನ್ನ ಹತ್ರ ಬಂದ ಮೊದಲನೇ ದಿನ ಆ ಹುಡುಗ ನನ್ನೆದುರು ಕೂತು ಇಂಗ್ಲಿಷ್ ಪ್ಯಾಸೇಜ್ ಓದಿದ್ದು ಇನ್ನೂ ಕಿವೀಲಿದೆ. ಎಲ್ಲೂ ತಡವರಿಸ್ಲಿಲ್ಲ, ಮುಂಬೈ ಲೋಕಲ್ ಟ್ರೇನಲ್ಲಿ 'ಪುಢೀಲ್ (ಮುಂದಿನ) ಸ್ಟೇಷನ್ ಘಾಟ್ಕೋಪರ್' ಅನ್ನೋ ಧ್ವನಿ ಇರುತ್ತಲ್ಲ, ಹಾಗೆ, ಏರೂ ಇಲ್ಲ ಇಳಿವೂ ಇಲ್ಲ, ಒಂದೇ ಓಟ. ಪಕ್ಕದಲ್ಲಿದ್ದ ಅವರಮ್ಮನ ಮುಖ ಅರಳಿತ್ತು. ನೋಡ್ರಿ ಅಕ್ಕಾರ, ಹಿಂಗ ಪಟಪಟ ಓದ್ತಾನ, ಮತ್ತ ಮಾರ್ಕ್ಸ ಯಾಕ ಬರವಲ್ವು ಅಂದ್ರು.

ನಾನು ಹುಡುಗನ್ನ ಕೇಳಿದೆ, ಇದ್ರಲ್ಲಿ ಏನಿದೆ ಹೇಳು, ಯಾರು ಯಾರಿಗೆ ಏನ್ ಮಾಡಿದ್ರು. ಅವನು ಹಾಳೆ ನೋಡ್ದ, ನನ್ನ ನೋಡ್ದ, ಆಮೇಲೆ ಹೇಳಿದ್ದು, "ಕ್ವೆಶ್ಚನ್ ಕೇಳ್ರಿ ಮೇಡಂ, ಆನ್ಸರ್ ಹುಡುಕಿ ಕೊಡ್ತೀನಿ."

ಹುಡುಕಿ ಕೊಡ್ತೀನಿ. ಇಡೀ ಕೇಸು ಆ ಎರಡು ಶಬ್ದದಲ್ಲೇ ಇತ್ತು, ಆದ್ರೆ ಅವತ್ತು ನಂಗೆ ಹೊಳೀಲಿಲ್ಲ. ಅದಕ್ಕೇ ಇದನ್ನ ಬರೀತಿರೋದು. ಅಮ್ಮ ಮಗ ಇಬ್ಬರ ಒಪ್ಪಿಗೆ ತಗೊಂಡಿದೀನಿ, ಏರಿಯಾ, ಕೆಲಸ ಅದು ಇದು ಸ್ವಲ್ಪ ಬದಲಾಯಿಸಿದೀನಿ. ಹುಡುಗನ್ನ ತಮ್ಮ ಅಂತ ಕರೀತೀನಿ, ಮನೇಲೂ ಅವನಿಗೆ ತಮ್ಮಾ ಅಂತಾನೇ ಕರೆಯೋದು.

ಬಾಗಲಕೋಟೆ ಕಡೆ ಜನ. ಅಪ್ಪ ಕಟ್ಟಡ ಕೆಲಸ, ಅಮ್ಮ ಬಿಲ್ಡಿಂಗ್ ಒಂದರಲ್ಲಿ ನಾಲ್ಕು ಮನೆ ಕೆಲಸ. ಘಾಟ್ಕೋಪರ್ ಗುಡ್ಡದ ಮೇಲೆ ಒಂದು ಖೋಲಿ, ನೀರು ಬೆಳಿಗ್ಗೆ ಬರುತ್ತೆ, ಅದನ್ನ ಹಿಡಿಯೋದು ತಮ್ಮನ ಡ್ಯೂಟಿ. ಏಳನೇತಿ ತನಕ ಕನ್ನಡ ಮೀಡಿಯಂ ಓದಿದ್ದ, ಮುಂದಕ್ಕೆ ಹತ್ತಿರದಲ್ಲಿ ಕನ್ನಡದ ಹೈಸ್ಕೂಲ್ ಇಲ್ದೇ ಎಂಟನೇತಿಗೆ ಸೀದಾ ಇಂಗ್ಲಿಷ್ ಮೀಡಿಯಂಗೆ ಹಾಕಿದ್ರು. ಮುಂಬೈ ಕನ್ನಡದವರಿಗೆ ಇದು ಹೊಸ ಕತೆ ಅಲ್ಲ ಬಿಡಿ. ನನ್ನ ಹತ್ರ ಬಂದಾಗ ಹತ್ತನೇತಿ, ಆಗಸ್ಟ್ ತಿಂಗಳು, ಯೂನಿಟ್ ಟೆಸ್ಟ್ ಮುಗಿದಿತ್ತು. ಇಂಗ್ಲಿಷ್ ಪರೀಕ್ಷೆ ದಿನ ಮಾತ್ರ ಹೊಟ್ಟೆ ನೋವು, ಬಾಕಿ ದಿನ ಏನೂ ಇಲ್ಲ. ಡಾಕ್ಟರ್ ನೋಡಿ ಏನೂ ಇಲ್ಲ ಅಂದಿದ್ರು, ಕ್ಲಾಸ್ ಟೀಚರ್ ನಾಟಕ ಅಂದಿದ್ರು, ಅಪ್ಪ ಒಂದು ಏಟು ಕೊಟ್ಟಿದ್ರು.

ನಾನು ಮಾಡಿದ ತಪ್ಪು ಮೊದ್ಲು ಹೇಳ್ಬಿಡ್ತೀನಿ. ಹೊಟ್ಟೆ ನೋವು ಅಂದ ಕೂಡ್ಲೇ ಎಕ್ಸಾಂ ಭಯ ಅಂತ ನಾನು ಹಣೆಪಟ್ಟಿ ಹಚ್ಚಿದೆ. ಎರಡು ಸೆಷನ್ ಪೂರ್ತಿ ಉಸಿರಾಟ, ನಿದ್ದೆ, ಹಿಂದಿನ ರಾತ್ರಿ ಏನ್ ತಿನ್ಬೇಕು, ಅಪ್ಪ ಹೊಡೀಬಾರ್ದು, ಇದೇ ಆಯ್ತು. ಹುಡುಗ ಪಾಪ ಒಳ್ಳೆಯವನು, ಹೇಳಿದ್ದೆಲ್ಲ ಮಾಡಿದ. ಉಸಿರು ಎಳ್ಕೊಂಡು ಎಳ್ಕೊಂಡು ಹೋಗಿ ಸೆಮಿಸ್ಟರ್ ಪರೀಕ್ಷೇಲಿ 80ಕ್ಕೆ 19 ತಗೊಂಡು ಬಂದ. ಅದಕ್ಕೆ ಮುಂಚೆ ಅದೇ 80ರ ಟೆಸ್ಟಲ್ಲಿ 23 ಬಂದಿತ್ತು. ಭಯ ಇತ್ತು, ಇಲ್ಲ ಅಂತಲ್ಲ, ಆದ್ರೆ ಈಜು ಬರದವನು ನೀರಿಗೆ ಹೆದರಿದ್ರೆ ಅದಕ್ಕೆ ಧೈರ್ಯ ಹೇಳಿ ಏನು ಉಪಯೋಗ, ಈಜು ಕಲಿಸ್ಬೇಕಲ್ವಾ. ದೀಪಾವಳಿ ಆದ್ಮೇಲೆ ಬಂದಾಗ ಉತ್ತರ ಪತ್ರಿಕೆ ತಗೊಂಡು ಬಾ ಅಂದೆ. ಅದನ್ನ ಮೊದಲನೇ ದಿನಾನೇ ಕೇಳ್ಬೇಕಿತ್ತು.

ಮಹಾರಾಷ್ಟ್ರ ಬೋರ್ಡಿನ ಹತ್ತನೇತಿ ಇಂಗ್ಲಿಷ್ ಗೊತ್ತಿಲ್ಲದವರಿಗೆ ಒಂದ್ ಮಾತು. ಬರೆಯೋದು 80, ಶಾಲೇಲಿ ಓರಲ್ (ಬಾಯಿ ಪರೀಕ್ಷೆ) ಎಲ್ಲ ಸೇರಿ 20. ಆ 80ರಲ್ಲಿ ಪುಸ್ತಕದ ಪ್ಯಾಸೇಜಿಗೆ 20, ಪುಸ್ತಕದ ಹೊರಗಿನದಕ್ಕೆ 15, ಅಂದ್ರೆ ಓದಿ ಅರ್ಥ ಮಾಡ್ಕೊಂಡು ಬರೆಯೋದೇ 35 ಮಾರ್ಕ್ಸು. ಹೊರಗಿನ ಪ್ಯಾಸೇಜಲ್ಲಿ ಎ1ರಿಂದ ಎ5 ತನಕ ಎರಡೆರಡು ಮಾರ್ಕಿನ ಆಕ್ಟಿವಿಟಿ, ಆಮೇಲೆ ಸಮ್ಮರಿಗೆ, ಅಂದ್ರೆ ಸಾರಾಂಶಕ್ಕೆ, 5. ಎ1 ಸುಲಭ, ಸಾಲಲ್ಲೇ ಉತ್ತರ ಇರುತ್ತೆ. ಎ2 ಎರಡು ಮೂರು ಸಾಲು ಕೂಡಿಸಿ ಯೋಚ್ನೆ ಮಾಡ್ಬೇಕು. ಮಧ್ಯ ಶಬ್ದಾರ್ಥ, ಗ್ರಾಮರ್. ಎ5 ನಿಮಗೇನು ಅನ್ಸುತ್ತೆ ಅಂತ ಕೇಳೋದು. ಇವನು ಗಟ್ಟಿಯಾಗಿ ಚೆನ್ನಾಗಿ ಓದ್ತಿದ್ನಲ್ಲ, ಓರಲ್‌ನಲ್ಲಿ ಒಳ್ಳೇ ಮಾರ್ಕ್ಸ್ ಬಿದ್ದು ಒಟ್ಟು ಮೊತ್ತ ನೂರಕ್ಕೆ 35ರ, ಅಂದ್ರೆ ಪಾಸ್ ಮಾರ್ಕಿನ, ಆಸುಪಾಸಲ್ಲೇ ಓಡಾಡ್ತಿತ್ತು, ಅದಕ್ಕೇ ಎರಡು ವರ್ಷ ಯಾರ ಕಣ್ಣಿಗೂ ಬೀಳ್ಲಿಲ್ಲ.

ಪತ್ರಿಕೆ ನೋಡಿದ್ರೆ ಎ1 ಎಲ್ಲ ಸರಿ. ಎ2 ಎಲ್ಲ ತಪ್ಪು. ಎ5 ಪೂರ್ತಿ ಖಾಲಿ. ಸಮ್ಮರಿ ಜಾಗದಲ್ಲಿ ಪ್ಯಾಸೇಜಿನ ಮೊದಲ ನಾಲ್ಕು ಸಾಲು ಮುದ್ದಾದ ಅಕ್ಷರದಲ್ಲಿ ನಕಲು. ತಮ್ಮಾ ಇದನ್ನ ಹೆಂಗೆ ಬರೆದೆ ಅಂದಾಗ ಸೀಕ್ರೆಟ್ ಹೇಳಿಕೊಟ್ಟ. ಕ್ಲಾಸ್‌ನ ಸರ್ ಹೇಳಿದ್ರಂತೆ, ಮೊದ್ಲು ಪ್ರಶ್ನೆ ಓದು, ಅದ್ರಲ್ಲಿರೋ ದೊಡ್ಡ ಶಬ್ದ ಪ್ಯಾಸೇಜಲ್ಲಿ ಎಲ್ಲಿದೆ ನೋಡು, ಆ ಸಾಲು ಬರಿ. ಪ್ರಶ್ನೆ ಮೊದ್ಲು ಓದೋದನ್ನ ನಾನು ತಪ್ಪು ಅನ್ನಲ್ಲ, ಟೈಮ್ ಉಳಿಯುತ್ತೆ. ಆದ್ರೆ ಅದು ಪ್ಯಾಸೇಜ್ ಅರ್ಥ ಆಗೋ ಮಕ್ಕಳಿಗೆ ಹೇಳೋ ಉಪಾಯ, ಅರ್ಥಾನೇ ಆಗದವನ ಕೈಗೆ ಕೊಟ್ರೆ ಅವನು ಓದೋದನ್ನೇ ಬಿಟ್ಟುಬಿಡ್ತಾನೆ, ಎ1ರ ಎರಡು ಮಾರ್ಕ್ಸ್ ಸಿಗ್ತಾ ಇರೋದ್ರಿಂದ ನಡೀತಿದೆ ಅಂತಾನೂ ಅನ್ಸುತ್ತೆ.

ಅವತ್ತು ನಾನೇ ಒಂದು ಚಿಕ್ಕ ಪ್ಯಾಸೇಜ್ ಬರೆದೆ, ಹಳೇ ದೋಣಿ ಮಾರಿದ ಮುದುಕನ ಕತೆ. ಅದ್ರಲ್ಲಿ ಒಂದು ಸಾಲು: 'ಆಲ್ದೋ ನೋಬಡಿ ಹ್ಯಾಡ್ ಆಸ್ಕ್ಡ್ ಹಿಮ್, ದ ಮ್ಯಾನ್ ಹೂ ಹ್ಯಾಡ್ ಸೋಲ್ಡ್ ದ ಬೋಟ್ ಕೇಮ್ ಬ್ಯಾಕ್ ಅಂಡ್ ರಿಟರ್ನ್ಡ್ ಹಾಫ್ ದ ಮನಿ.' ಯಾರೂ ಕೇಳದೇ ಇದ್ರೂ ದೋಣಿ ಮಾರಿದ ಮನುಷ್ಯ ವಾಪಸ್ ಬಂದು ಅರ್ಧ ದುಡ್ಡು ತಿರುಗಿ ಕೊಟ್ಟ ಅಂತ. ಶಬ್ದ ಒಂದೂ ಕಷ್ಟದ್ದಲ್ಲ. ಬಿಡಿಬಿಡಿಯಾಗಿ ಕೇಳಿದ್ರೆ ಎಲ್ಲಾ ಶಬ್ದದ ಅರ್ಥ ಹೇಳ್ದ. ಕೂಡಿಸಿ ಹೇಳು ಅಂದ್ರೆ, "ಯಾರೂ ಕೇಳಲಿಲ್ಲ... ಆ ಮನುಷ್ಯಾ... ಯಾರು ದೋಣಿ ಮಾರಿದ್ರು?" ಅಂತ ನನ್ನನ್ನೇ ಕೇಳ್ದ.

ಒಂದು ನಿಮಿಷ ನಂಗೆ ಅರ್ಥ ಆಗ್ಲಿಲ್ಲ, ಆಮೇಲೆ ಆಯ್ತು. 'ಹೂ' ಅಂದ್ರೆ ಯಾರು ಅಂತ ಐದನೇತಿಲಿ ಕಲ್ತಿದಾನೆ, ಅಷ್ಟೇ ಕಲ್ತಿದಾನೆ. ಸಾಲಿನ ಮಧ್ಯ ಅದು ಬಂದ್ರೆ ಅವನಿಗೆ ಅಲ್ಲೊಂದು ಪ್ರಶ್ನೆ ಕಾಣ್ಸುತ್ತೆ. ನಮ್ಮ ಕನ್ನಡದಲ್ಲಿ ಆ ಕೊಂಡಿ ಶಬ್ದಾನೇ ಇಲ್ಲ ನೋಡಿ, ದೋಣಿ ಮಾರಿದ ಮನುಷ್ಯ ಅಂತೀವಿ, ಮುಗೀತು, ವಿವರಣೆ ಮುಂದೆ ಬಂದು ಮನುಷ್ಯ ಹಿಂದೆ ಬರ್ತಾನೆ. ಇಂಗ್ಲಿಷಲ್ಲಿ ಮನುಷ್ಯ ಮೊದ್ಲು ಬಂದು ನಿಂತು ವಿವರಣೆ ಹಿಂದಿಂದ ಬರುತ್ತೆ. ಇದನ್ನ ಹೆಂಗಪ್ಪಾ ಹೇಳೋದು ಅಂತ ಯೋಚ್ನೆ ಮಾಡ್ತಾ ಇದ್ದಾಗ ಹೊಳೀತು, ಇವನು ಮುಂಬೈ ಹುಡುಗ ಅಲ್ವಾ, ಗಲ್ಲೀಲಿ ಕ್ರಿಕೆಟ್ ಆಡೋದೇ ಹಿಂದೀಲಿ. 'ವೋ ಆದ್ಮಿ ಜಿಸ್ನೆ ಬೋಟ್ ಬೇಚೀ ಥೀ' ಅಂದೆ. ಹುಡುಗನ ಕಣ್ಣು ದೊಡ್ಡದಾಯ್ತು. "ಅರೆ, ಇದು ಜಿಸ್ನೆ ಏನ್ರಿ!" ಅಂದ. ಹೌದು, ಸಾಲಿನ ಮಧ್ಯ ಹೀಗೆ ಮನುಷ್ಯನ ಬೆನ್ನಿಗೇ ಬಂದ್ರೆ ಯಾರು ಅಲ್ಲ, ಹಿಂದಿಯ ಜೋ, ಜಿಸ್ನೆ ಅದರದ್ದೇ ರೂಪ. ಕನ್ನಡ ಮನೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋವಾಗ ಹಿಂದಿ ಮರಾಠೀನ ನಡುವೆ ಹೀಗೆ ಮೆಟ್ಟಿಲು ಮಾಡ್ಕೋಬಹುದು, ಈ ಊರಲ್ಲಿ ಅದು ಪುಕ್ಕಟೆ ಸಿಗುತ್ತೆ.

ಇಂಥವೇ ಇನ್ನೂ ಕೆಲವು ಸಿಕ್ಕಿದ್ವು. 'ಹಿ ಕುಡ್ ಹಾರ್ಡ್ಲಿ ಹಿಯರ್ ದ ಎಂಜಿನ್' ಅಂದ್ರೆ ಇವನ ಪ್ರಕಾರ ಎಂಜಿನ್ ಸಿಕ್ಕಾಪಟ್ಟೆ ಜೋರು, ಯಾಕಂದ್ರೆ ಹಾರ್ಡ್ ಅಂದ್ರೆ ಗಟ್ಟಿ. ನಿಜವಾಗಿ ಎಂಜಿನ್ ಸದ್ದು ಕೇಳ್ಸೋದೇ ಕಷ್ಟ ಅಂತಿದೆ ಅಲ್ಲಿ. ಅರ್ಥ ಪೂರಾ ಉಲ್ಟಾ. 'ಆಲ್ದೋ' ಬಂದ್ರೆ ಮೊದಲ ಅರ್ಧ ಓದಿ ನಿಲ್ಲಿಸಿಬಿಡೋದು, ಕಾಮಾ ಆದ್ಮೇಲೇ ಅಸಲು ವಿಷಯ ಇರೋದು. ಇಟ್, ದೇ, ದಿಸ್ ಅಂತ ಬಂದಾಗ ಯಾವುದು, ಯಾರು ಅಂತ ಹಿಂದೆ ತಿರುಗಿ ನೋಡೋದೇ ಇಲ್ಲ. ಎ2 ಪ್ರಶ್ನೆಗಳು ಹೆಚ್ಚಾಗಿ ಇಂಥ ಜಾಗದಲ್ಲೇ ಕೂತಿರ್ತವೆ, ದೊಡ್ಡ ದೊಡ್ಡ ಶಬ್ದದಲ್ಲಲ್ಲ. ಅವನ ಹತ್ರ ಶಬ್ದಾರ್ಥ ಬರೆದ ನೋಟ್‌ಬುಕ್ ಎರಡಿತ್ತು, ಈ ಸಣ್ಣ ಶಬ್ದಗಳು ಅದ್ರಲ್ಲಿ ಒಂದೂ ಇರ್ಲಿಲ್ಲ.

ನಾನು ಕೊಟ್ಟ ಸಲಹೆಗಳಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಒಂದು. ದಿನಾ ರಾತ್ರಿ ಒಂದೇ ಪ್ಯಾಸೇಜ್, ಮನಸ್ಸಲ್ಲೇ ಓದ್ಬೇಕು, ಗಟ್ಟಿಯಾಗಿ ಓದೋದು ಬಂದ್, ಆಮೇಲೆ ಹಾಳೆ ಮಡಚಿಟ್ಟು ಅದ್ರಲ್ಲಿದ್ದದ್ದನ್ನ ಅವ್ವನಿಗೆ ಕನ್ನಡದಲ್ಲಿ ಹೇಳ್ಬೇಕು. ಅವ್ವನ ಕೆಲಸ, ಅರ್ಥ ಆಗದೇ ಹೋದ್ರೆ ಯಾಕ ಅಂತ ಕೇಳೋದು, ಅಷ್ಟೇ. ಅವರು ನಕ್ಕುಬಿಟ್ರು, ನನಗ ಸಹಿ ಮಾಡಾಕ ಬರೂದಿಲ್ರಿ ಅಕ್ಕಾರ, ನಾ ಏನ್ ಇಂಗ್ಲೀಷ ಕಲಸ್ಲಿ ಅಂದ್ರು. ನಿಮಗೆ ಬರಲ್ಲ ಅಂತಾನೇ ನೀವು ಬೇಕು ಅಂದೆ. ಇಂಗ್ಲಿಷ್ ಬರೋರ ಮುಂದೆ ಹುಡುಗ ಅಲ್ಲಲ್ಲಿ ನಾಲ್ಕು ಇಂಗ್ಲಿಷ್ ಶಬ್ದ ಎಸೆದು ತಪ್ಪಿಸ್ಕೋತಾನೆ, ನಿಮ್ಮ ಮುಂದೆ ಅದು ನಡೆಯಲ್ಲ.

ಅಪ್ಪ ಒಪ್ಪಲಿಲ್ಲ. ಫೋನ್ ಮಾಡಿ, ರೊಕ್ಕಾ ಸುರದು ಇಂಗ್ಲೀಷ ಸಾಲಿಗೆ ಹಾಕೇವಿ, ನೀವು ಮತ್ತ ಕನ್ನಡದಾಗ ಹೇಳಸ್ತೀರಿ ಅಂದ್ರ ಹೆಂಗ್ರಿ ಅಂತ ಕೇಳಿದ್ರು. ತಪ್ಪೇನಿಲ್ಲ, ನಾನೂ ಆ ಜಾಗದಲ್ಲಿದ್ರೆ ಕೇಳ್ತಿದ್ದೆ. ನಾನು ಹೇಳಿದ್ದು ಇಷ್ಟೇ, ಪರೀಕ್ಷೇಲಿ ಇಂಗ್ಲಿಷಲ್ಲೇ ಬರೀಲಿ, ಆದ್ರೆ ತಲೇಲಿ ಕತೆನೇ ಇಲ್ದಿದ್ರೆ ಏನಂತ ಬರೀತಾನೆ, ಒಂದು ತಿಂಗಳು ನೋಡಿ, ಆಗ್ಲಿಲ್ಲ ಅಂದ್ರೆ ಬಿಡೋಣ. ಸರಿ ನೋಡೂನು ಅಂತ ಫೋನ್ ಇಟ್ರು.

ಆಮೇಲೆ ಆಗಿದ್ದನ್ನ ತಮ್ಮನೇ ನಂಗೆ ಹೇಳಿದ್ದು. ರಾತ್ರಿ ಒಂಬತ್ತಕ್ಕೆ ಅವ್ವ ರೊಟ್ಟಿ ಬಡಿಯೋಕೆ ಕೂರ್ತಾರೆ, ಇವನು ಪಕ್ಕದಲ್ಲಿ ಗೋಡೆಗೆ ಒರಗಿ ಕತೆ ಹೇಳ್ತಾನೆ. ಕತೆ ಸರಿಯಾಗಿ ಹೋಗ್ತಾ ಇದ್ರೆ ರೊಟ್ಟಿ ಬಡಿಯೋ ಸದ್ದು ತಪ್ಪತಪ್ಪ ಅಂತ ನಡೀತಾನೇ ಇರುತ್ತೆ. ಎಲ್ಲಿ ಎಡವಿದ್ನೋ ಅಲ್ಲಿ ಸದ್ದು ನಿಲ್ಲುತ್ತೆ. ಅವ್ವ ಬಾಯಿ ಬಿಡೋಕೆ ಮುಂಚೇನೇ ಇವನಿಗೆ ಗೊತ್ತಾಗುತ್ತೆ, ಇಲ್ಲೇನೋ ತಪ್ಪಿದೆ ಅಂತ, ಮಡಚಿಟ್ಟ ಹಾಳೆ ಮತ್ತೆ ಬಿಚ್ತಾನೆ. "ಕೈ ನಿಂತ್ರ ಎ2 ತಪ್ಪು ಅಂತ ತಿಳ್ಕೊಳ್ಳೂದ್ರಿ ಮೇಡಂ" ಅಂದ. ಮುದುಕನ ಕತೆ ಹೇಳಿದ ದಿನ ಅವ್ವ ಕೇಳಿದ್ದು, ರೊಕ್ಕ ತಿರುಗಿ ಕೊಟ್ಟ ಸರಿ, ಅರ್ಧಾ ಯಾಕ, ಪೂರಾ ಯಾಕ ಕೊಡಲಿಲ್ಲ? ಇದು ನಾನು ಬರೆದ ಪ್ರಶ್ನೆಗಳಲ್ಲಿ ಇರ್ಲಿಲ್ಲ. ಹುಡುಗ ಮೂರು ಸಲ ಓದಿ ಕೊನೆಗೆ, "ಅದು ಪ್ಯಾಸೇಜ್‌ನ್ಯಾಗ ಇಲ್ಲವ್ವಾ, ನಂಗನಸ್ತೈತಿ ಅವಂಗೂ ಮನೀ ಇರ್ತೈತಲ್ಲ" ಅಂದ್ನಂತೆ. ಯಾವುದು ಹಾಳೇಲಿದೆ ಯಾವುದು ನನ್ನ ಅಭಿಪ್ರಾಯ ಅಂತ ಬೇರೆ ಮಾಡೋಕೆ ಬಂತು ಅಂದ್ರೆ ಎ5 ಬರೆಯೋಕೆ ಇನ್ನೇನು ಬೇಕು ಹೇಳಿ. ಅದನ್ನೇ ಐ ಥಿಂಕ್ ಅಂತ ಶುರು ಮಾಡಿ ಮೂರು ಸಣ್ಣ ಸಾಲಲ್ಲಿ ಬರಿ ಅಂದೆ, ಖಾಲಿ ಮಾತ್ರ ಬಿಡ್ಬೇಡ.

ಬಾಕಿ ಸಲಹೆಗಳು ಸಣ್ಣವು. ಹತ್ತನೇತಿ ಪ್ಯಾಸೇಜಿಂದ ಶುರು ಮಾಡ್ಬೇಡ ಅಂದೆ, ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ತರೋ ಸಂಸ್ಥೆ) ಏಳನೇತಿ ಇಂಗ್ಲಿಷ್ ಪುಸ್ತಕದ ಪಿಡಿಎಫ್ ಫ್ರೀ ಸಿಗುತ್ತೆ, ಅದ್ರಿಂದ ಶುರು ಮಾಡಿದ್ವಿ. ಅವನಿಗೆ ನಾಚಿಕೆ, ಗೆಳೆಯರು ಮೊಬೈಲ್ ನೋಡಿದ್ರೆ ಅಂತ, ಅದಕ್ಕೆ ಫೈಲಿನ ಹೆಸರು ಬದಲಾಯಿಸಿ ಕೊಟ್ಟೆ. ಡಿಸೆಂಬರ್ ಹೊತ್ತಿಗೆ ಬೋರ್ಡಿನ ಹಳೇ ಪ್ರಶ್ನೆಪತ್ರಿಕೆಗಳಿಗೆ ಬಂದ. ಗೊತ್ತಿಲ್ಲದ ಶಬ್ದ ಸಿಕ್ರೆ ಪೆನ್ಸಿಲಲ್ಲಿ ಅಡಿಗೆರೆ ಹಾಕಿ ಮುಂದೆ ಹೋಗ್ಬೇಕು, ಡಿಕ್ಷನರಿ ಆಮೇಲೆ. ಮೂರು ಗಂಟೆಗೆ 80 ಮಾರ್ಕ್ಸ್ ಅಂದ್ರೆ ಒಂದು ಮಾರ್ಕಿಗೆ ಎರಡು ಕಾಲು ನಿಮಿಷ ಸಿಗುತ್ತೆ, ಹೊರಗಿನ ಪ್ಯಾಸೇಜಿನ 15ಕ್ಕೆ ಅರ್ಧ ಗಂಟೆ ಮೇಲೆ ಮೂರ್ನಾಲ್ಕು ನಿಮಿಷ, ಅದ್ರಲ್ಲಿ ಮೊದಲ ಏಳೆಂಟು ನಿಮಿಷ ಪೆನ್ ಮುಟ್ಟದೇ ಎರಡು ಸಲ ಓದ್ಬೇಕು. ಸಮ್ಮರಿಗೆ ಬೇರೆ ಪಾಠ ಏನೂ ಮಾಡ್ಲಿಲ್ಲ, ಅವ್ವನಿಗೆ ಹೇಳಿದ್ದನ್ನ ಅರ್ಧಕ್ಕೆ ಇಳಿಸಿ ಇಂಗ್ಲಿಷಲ್ಲಿ ಬರಿ ಅಂದೆ. ಸ್ಪೆಲಿಂಗ್ ತಪ್ಪು ಬೇಕಾದಷ್ಟಿತ್ತು, ನಾನು ಮುಟ್ಟಲಿಲ್ಲ, ಎಲ್ಲಾ ಒಟ್ಟಿಗೆ ತಿದ್ದೋಕೆ ಹೋದ್ರೆ ಹುಡುಗ ಓಡಿಹೋಗ್ತಾನೆ.

ಜನವರಿ ಪ್ರಿಲಿಮ್‌ನಲ್ಲಿ, ಅಂದ್ರೆ ಬೋರ್ಡ್ ಪರೀಕ್ಷೆಗೆ ಮುಂಚೆ ಶಾಲೇಲಿ ಮಾಡೋ ತಯಾರಿ ಪರೀಕ್ಷೇಲಿ, 80ಕ್ಕೆ 38. ಹೊಟ್ಟೆ ನೋವು ಪೂರ್ತಿ ಹೋಗಿಲ್ಲ, ಅವತ್ತೂ ಬೆಳಿಗ್ಗೆ ಸ್ವಲ್ಪ ಇತ್ತಂತೆ, ಆದ್ರೆ ಪೇಪರ್ ಕೈಗೆ ಬಂದ್ಮೇಲೆ ಮರೆತುಹೋಯ್ತು ಅಂದ. ಬೋರ್ಡ್ ಮುಗಿದ ಮೇಲೂ ಇದ್ರೆ ಇನ್ನೊಂದ್ಸಲ ಡಾಕ್ಟರಿಗೆ ತೋರಿಸಿ ಅಂತ ಹೇಳಿಟ್ಟಿದೀನಿ, ಮಕ್ಕಳ ಹೊಟ್ಟೆ ನೋವನ್ನೆಲ್ಲ ಮನಸ್ಸಿಗೇ ಕಟ್ಟೋದು ಬೇಡ. ಅಪ್ಪ ಆಮೇಲೆ ಫೋನ್ ಮಾಡ್ಲಿಲ್ಲ, ಊರಿಂದ ಬಂದಾಗ ಒಂದು ಪೊಟ್ಟಣ ಶೇಂಗಾ ಚಟ್ನಿ ಕಳ್ಸಿದ್ರು.

ಮೊನ್ನೆ ಬಂದಾಗ ತಮ್ಮನ ಹತ್ರ ಹೊಸ ಕಂಪ್ಲೇಂಟ್ ಇತ್ತು. "ಅವ್ವ ಈಗ ಮರಾಠಿ ಪ್ಯಾಸೇಜೂ ಹೇಳು ಅಂತಾಳ್ರಿ. ಇಂಗ್ಲೀಷ ಆದ್ರ ಏನರ ಹೇಳ್ಬಹುದು ಮೇಡಂ, ಮರಾಠಿ ಅಕಿಗೆ ನನಗಿಂತ ಚಲೋ ಬರ್ತೈತಿ, ನಾಕು ಮನ್ಯಾಗ ಅದನ್ನ ಮಾತಾಡ್ತಾಳ, ಒಂದ್ ಶಬ್ದಾ ತಪ್ಪಿದ್ರೂ ಹಿಡೀತಾಳ."