ಎಲೆ ತುದಿ ಒಣಗುತ್ತಿದ್ದರೆ ಮೊದಲು ನೀರು ನೋಡಿ

ಕೋಲಾರದ ಮನೆ, ಹಾಲ್‌ನ ಮೂಲೆಯಲ್ಲಿ ಹಳದಿ ಅಂಚಿನ ಸಾಂಗ್ ಆಫ್ ಇಂಡಿಯಾ ಗಿಡ, ದಿನಾ ಬೋರ್ ನೀರು ಹಾಕಿದರೂ ಎಲೆ ತುದಿ ಕಂದಾಗಿ ಒಣಗುತ್ತಿದೆ, ಯಾವ ಗೊಬ್ಬರ ಕೊಡಲಿ ಅಂತ ಕೇಳಿದ್ದೀರಿ. ಗೊಬ್ಬರದ ಮಾತು ಸದ್ಯ ಬಿಡಿ. ತೊಂದರೆ ನೀರಿನಲ್ಲಿದೆ ಅಂತ ನನಗನ್ನಿಸುತ್ತದೆ.

ನಾನಿರುವುದು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿಯಲ್ಲಿ. ಇಲ್ಲೂ ಬೋರ್‌ವೆಲ್ ನೀರೇ ಗತಿ. ಬೇಳೆ ಬೇಯದ ನೀರು, ಬಕೆಟ್ ಮೇಲೆಲ್ಲ ಬಿಳಿ ಕಲೆ. ನನ್ನ ಮೊದಲ ಗಿಡಕ್ಕೂ ಹೀಗೇ ಆಯಿತು. ಪೋಷಣೆ ಸಾಲದು ಅಂತ ಸೂಪರ್ ಫಾಸ್ಫೇಟ್ ಹಾಕಿದೆ. ಇನ್ನೂ ಬೇಗ ಒಣಗಿತು. ಬೋರ್ ನೀರಿನಲ್ಲಿರುವ ಫ್ಲೋರೈಡ್ ಅನ್ನುವ ಲವಣ ಆ ಗೊಬ್ಬರದಲ್ಲೂ ಇರುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಗಿಡ ಹೋಗಿತ್ತು. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ನಮ್ಮ ಎರಡೂ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಅಂತ ನಿಮಗೂ ಗೊತ್ತು, ಅಲ್ವಾ? ಬೇರು ಅದನ್ನು ನೀರಿನ ಜೊತೆ ಎಳೆದುಕೊಳ್ಳುತ್ತದೆ. ನೀರು ಎಲೆಯಿಂದ ಆವಿಯಾಗುತ್ತದೆ, ಫ್ಲೋರೈಡ್ ತುದಿಯಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಉಗುರಿನಷ್ಟು ಕಂದು, ಅದರ ಹಿಂದೆ ಸಣ್ಣ ಹಳದಿ ಗೆರೆ, ಆಮೇಲೆ ಚೆನ್ನಾಗಿರುವ ಹಸಿರು. ಹಾಗಿದ್ದರೆ ಹೆಚ್ಚುಕಮ್ಮಿ ಇದೇ ಕಾರಣ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಫ್ಲೋರೈಡ್ ಇರಬಹುದು ಅಂತ ನಮ್ಮ ದೇಶದ ಮಾನದಂಡ. ಡ್ರಸೀನಾ ಜಾತಿಯ ಈ ಗಿಡಕ್ಕೆ ಅಷ್ಟು ಕೂಡ ತಡೆಯುವುದಿಲ್ಲ. ಹೆಸರಲ್ಲಿ ಇಂಡಿಯಾ ಇದ್ದರೂ ಇದರ ತವರು ಮಡಗಾಸ್ಕರ್, ಮಾರಿಷಸ್ ಕಡೆ.

ನೀರನ್ನು ಕಾಯಿಸಿದರೂ, ರಾತ್ರಿಯೆಲ್ಲ ಬಿಟ್ಟಿಟ್ಟರೂ ಫ್ಲೋರೈಡ್ ಹೋಗುವುದಿಲ್ಲ. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು. ಮೊದಲ ಮಳೆಗೆ ತಾರಸಿ ತೊಳೆದುಹೋಗಲಿ, ಆಮೇಲಿನದನ್ನು ಡ್ರಮ್‌ನಲ್ಲಿ ಹಿಡಿದು ಸೊಳ್ಳೆ ಸೇರದ ಹಾಗೆ ಮುಚ್ಚಿಡಿ. ಅದು ಮುಗಿದಾಗ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಹಾಕಿ. ಒಂದು ಕುಂಡಕ್ಕೆ ಎಷ್ಟು ಬೇಕು ಹೇಳಿ! ಆದರೆ ಮನೆಯ ಆರ್‌ಒ ಮೆಷಿನ್ ಹೊರಗೆ ಬಿಡುವ ನೀರನ್ನು ಮಾತ್ರ ದಯವಿಟ್ಟು ಹಾಕಬೇಡಿ. ಸುಮ್ನೆ ಚೆಲ್ಲುವುದೇಕೆ ಅಂತ ತುಂಬಾ ಜನ ಗಿಡಕ್ಕೆ ಸುರಿಯುತ್ತಾರೆ. ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಈಗಿರುವ ಮಣ್ಣನ್ನೂ ತೊಳೆಯಬೇಕು. ಕುಂಡವನ್ನು ಬಚ್ಚಲಿಗೆ ಒಯ್ದು, ಒಳ್ಳೆಯ ನೀರನ್ನು ನಿಧಾನವಾಗಿ ಮೂರ್ನಾಲ್ಕು ಸಲ ಸುರಿಯಿರಿ. ಪ್ರತಿ ಸಲವೂ ತಳದಿಂದ ಪೂರ್ತಿ ಇಳಿದುಹೋಗಲಿ. ಬರೀ ಕೆಂಪು ಮಣ್ಣಾದರೆ ಗಟ್ಟಿ ಕಟ್ಟಿ ನೀರು ಇಳಿಯುವುದಿಲ್ಲ. ಆಗ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು ಸೇರಿಸಿ ಕುಂಡ ಬದಲಿಸಿ. ಕೊಕೊಪೀಟ್ ಅನ್ನು ಎರಡು ಸಲ ನೆನೆಸಿ ಹಿಂಡಿ, ಅದರಲ್ಲೂ ಉಪ್ಪಿರುತ್ತದೆ.

ದಿನಾ ನೀರು ಬೇಡವೇ ಬೇಡ. ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಬೇರು ಕೊಳೆತರೆ ಗಿಡ ಉಳಿಸುವುದು ಕಷ್ಟ.

ಮೂಲೆಯಿಂದಲೂ ಎತ್ತಿಡಿ. ಹಳದಿ ಅಂಚಿನಲ್ಲಿ ಪತ್ರಹರಿತ್ತು ಕಡಿಮೆ, ಹಾಗಾಗಿ ಪೂರ್ತಿ ಹಸಿರು ಗಿಡಕ್ಕಿಂತ ಇದಕ್ಕೆ ಬೆಳಕು ಜಾಸ್ತಿ ಬೇಕು. ಕತ್ತಲಲ್ಲಿ ಅಂಚು ಮಂಕಾಗುತ್ತದೆ. ಪೂರ್ವದ ಕಿಟಕಿ, ಒಂದು ತೆಳು ಪರದೆ ಸಾಕು. ನಮ್ಮ ಏಪ್ರಿಲ್ ಬಿಸಿಲು ಮಾತ್ರ ನೇರ ಬೀಳದಿರಲಿ.

ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಎಲೆಯ ಆಕಾರಕ್ಕೆ ತಕ್ಕಂತೆ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿ, ಹಸಿರಿಗೆ ತಾಗದಂತೆ ಕೂದಲೆಳೆಯಷ್ಟು ಕಂದು ಬಿಡಿ. ಇನ್ನು ಮೇಲೆ ಸುಳಿಯಲ್ಲಿ ಬರುವ ಹೊಸ ಎಲೆಗಳನ್ನು ಗಮನಿಸುತ್ತಿರಿ. ಎರಡು ತಿಂಗಳು ಬಿಟ್ಟು ಅವುಗಳ ತುದಿ ಹೇಗಿದೆ ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.