ಸಂಪಾದಕರ ಉತ್ತರ: ಟೋನಿ ಗ್ರೆಗರಿ ತಮ್ಮ ಮತವನ್ನು ಮಾರಿಕೊಂಡರೆ?

ಶಿವಮೊಗ್ಗದ ಓದುಗರೊಬ್ಬರು ಬರೆಯುತ್ತಾರೆ: "ಡಬ್ಲಿನ್ ನಗರಪಾಲಿಕೆಯಿಂದ ಐರ್ಲೆಂಡಿನ ಸಂಸತ್ತಿಗೆ ಹೋದ ಟೋನಿ ಗ್ರೆಗರಿಯವರನ್ನು ನೀವು ಹೊಗಳಿದ್ದೀರಿ. ಸರ್ಕಾರ ರಚನೆಯ ಹೊತ್ತಿನಲ್ಲಿ ತನ್ನ ಮತಕ್ಕೆ ಬೆಲೆ ಕಟ್ಟುವುದು ಜನಸೇವೆಯೆ? ಮನೆ ಹಂಚುವುದು ಸಂಸದನ ಕೆಲಸವೆ?"

ಮಾನ್ಯರೆ,

ನಿಮ್ಮ ಆಕ್ಷೇಪ ಹಗುರವಾದುದಲ್ಲ. ಡಬ್ಲಿನ್ನಿನಲ್ಲೇ ಅಂದು ಅನೇಕರು ಇದೇ ಮಾತನ್ನಾಡಿದ್ದರು. ಆದರೆ ನಡೆದದ್ದನ್ನು ಪೂರ್ತಿಯಾಗಿ ನೋಡೋಣ. ಶಾಲಾ ಶಿಕ್ಷಕರಾಗಿದ್ದ ಗ್ರೆಗರಿ 1979ರಲ್ಲಿ ನಗರಪಾಲಿಕೆಗೆ ಆಯ್ಕೆಯಾದಾಗ, ಅವರು ಹುಟ್ಟಿ ಬೆಳೆದ ಉತ್ತರ ಡಬ್ಲಿನ್ನಿನ ಒಳನಗರ ಕುಸಿಯುತ್ತಿತ್ತು. ಬಂದರಿಗೆ ಕಂಟೇನರುಗಳು ಬಂದ ಮೇಲೆ ಹಮಾಲರಿಗೆ ಕೆಲಸವಿಲ್ಲದಂತಾಗಿತ್ತು, ಹಳೆಯ ವಠಾರಗಳು ಶಿಥಿಲವಾಗಿದ್ದವು, ಹೆರಾಯಿನ್ ಬೀದಿಗಿಳಿದಿತ್ತು. 1982ರ ಫೆಬ್ರವರಿ ಚುನಾವಣೆಯಲ್ಲಿ ಅವರು ಪಕ್ಷೇತರರಾಗಿ ಕೆಳಮನೆಯಾದ ಡಾಯ್ಲ್‌ಗೆ ಗೆದ್ದರು. ಅಲ್ಲಿನ 166 ಸ್ಥಾನಗಳಲ್ಲಿ ಚಾರ್ಲ್ಸ್ ಹಾಹಿಯವರ ಫಿಯಾನಾ ಫಾಯಿಲ್ ಪಕ್ಷಕ್ಕೆ ದಕ್ಕಿದ್ದು 81; ಬಹುಮತಕ್ಕೆ ಅದು ಸಾಲದು. ಹೀಗಾಗಿ ಹಾಹಿಯವರೂ ಅವರ ಎದುರಾಳಿ ಗ್ಯಾರೆಟ್ ಫಿಟ್ಸ್‌ಜೆರಾಲ್ಡರೂ ಈ ಹೊಸಬರ ಬೆಂಬಲ ಕೇಳಿಕೊಂಡು ಬಂದರು.

ಗ್ರೆಗರಿ ಕೇಳಿದ್ದರಲ್ಲಿ ಸಚಿವ ಸ್ಥಾನವಿರಲಿಲ್ಲ. ತಮ್ಮ ಕ್ಷೇತ್ರಕ್ಕೆ 440 ಹೊಸ ಮನೆಗಳು, ಒಳನಗರದವರಿಗೆ ಉದ್ಯೋಗ, ಬಂದರಿನ ಬಳಿಯ 27 ಎಕರೆ ಜಾಗ ಸರ್ಕಾರದ ವಶಕ್ಕೆ ಬರಬೇಕೆಂಬ ಬೇಡಿಕೆ, ಇಂಥವನ್ನೆಲ್ಲ ಬರಹದಲ್ಲಿ ಇಳಿಸಿ, ಹಾಹಿಯವರಿಂದ ಸಹಿ ಹಾಕಿಸಿಕೊಂಡು, ಮಾರ್ಚ್ 9ರಂದು ಸದನದ ಕಡತಕ್ಕೇ ಸೇರುವಂತೆ ಓದಿ ಹೇಳಿದರು. ಮತ ಮಾರಿಕೊಳ್ಳುವವರು ಸಾಮಾನ್ಯವಾಗಿ ರಸೀದಿಯನ್ನು ಸಭೆಯಲ್ಲಿ ಓದುವುದಿಲ್ಲ. ಪ್ರಧಾನಿಯನ್ನು ಆರಿಸುವ ಮತದಾನದಲ್ಲಿ ಹಾಹಿ ಗೆದ್ದದ್ದು 86–79ರ ಅಂತರದಲ್ಲಿ. ಅವರ ಪರವಾಗಿ ವರ್ಕರ್ಸ್ ಪಾರ್ಟಿಯ ಮೂವರ ಮತಗಳೂ ಇದ್ದವೆಂಬುದನ್ನು ಈ ಕಥೆ ಹೇಳುವವರು ಮರೆಯುವುದುಂಟು.

ನಿಮ್ಮ ಆಕ್ಷೇಪದ ಒಂದು ಭಾಗವನ್ನು ನಾನು ಒಪ್ಪುತ್ತೇನೆ. ಅಷ್ಟೇ ಬಡತನವಿದ್ದ ಬೇರೆ ಊರುಗಳಿಗೆ ಅಂಥ ನಿರ್ಣಾಯಕ ಮತ ಇರಲಿಲ್ಲ, ಆದ್ದರಿಂದ ಅಂಥ ಪಟ್ಟಿಯೂ ಸಿಗಲಿಲ್ಲ. ಇದು ನ್ಯಾಯವಾದ ಹಂಚಿಕೆಯಲ್ಲ. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರವೇ ಬಿದ್ದುಹೋಗಿ, ಭರವಸೆಗಳಲ್ಲಿ ದೊಡ್ಡ ಪಾಲು ಈಡೇರದೆ ಉಳಿಯಿತು.

ಇನ್ನು ಸಂಸದನ ಕೆಲಸದ ಪ್ರಶ್ನೆ. ನಮ್ಮ ಶಾಸಕರು ರಾಜ್ಯಸಭೆಗೆ ಪ್ರಾಶಸ್ತ್ಯ ಮತ (ಅಭ್ಯರ್ಥಿಗಳನ್ನು 1, 2, 3 ಎಂದು ಆದ್ಯತೆಯಲ್ಲಿ ಗುರುತಿಸುವ ಮತ) ಹಾಕುವಂತೆ ಐರ್ಲೆಂಡಿನಲ್ಲಿ ಸಾಮಾನ್ಯ ಮತದಾರರೇ ಹಾಕುತ್ತಾರೆ; ಒಂದೊಂದು ಕ್ಷೇತ್ರದಿಂದ ಹಲವರು ಆಯ್ಕೆಯಾಗುವುದರಿಂದ ಒಂದೇ ಪಕ್ಷದವರೂ ಪರಸ್ಪರ ಪೈಪೋಟಿ ನಡೆಸಬೇಕು, ಹಾಗಾಗಿ ವಾರ್ಡಿನ ಕೆಲಸ ಬಿಟ್ಟವರು ಉಳಿಯುವುದು ಕಷ್ಟ. 2003ರ ಕಾನೂನು ತಡೆಯುವವರೆಗೆ ಸಂಸದರು ಸ್ಥಳೀಯ ಸಂಸ್ಥೆಯ ಸ್ಥಾನವನ್ನೂ ಇಟ್ಟುಕೊಳ್ಳಬಹುದಿತ್ತು. ಗ್ರೆಗರಿಯವರಂತೂ 1986ರಲ್ಲಿ ಬೀದಿ ವ್ಯಾಪಾರಿಗಳ ಪರವಾಗಿ ಧರಣಿ ಕುಳಿತು, ಮುಚ್ಚಳಿಕೆ ಬರೆದುಕೊಡಲು ಒಪ್ಪದೆ ಎರಡು ವಾರ ಜೈಲಿನಲ್ಲಿದ್ದರು. ಒಪ್ಪಂದದ ಫಲ ಬಹುಪಾಲು ಕೈಗೆ ಬಾರದಿದ್ದರೂ ಮತದಾರರು 2009ರ ಜನವರಿಯಲ್ಲಿ ಅವರು ತೀರಿಕೊಳ್ಳುವವರೆಗೆ ಒಂದು ಚುನಾವಣೆಯಲ್ಲೂ ಅವರ ಕೈಬಿಡಲಿಲ್ಲ. ಆ ಬಳಿಕದ ಉಪಚುನಾವಣೆಯಲ್ಲೂ ಅವರ ಒಡನಾಡಿ ಮೌರೀನ್ ಓಸಲಿವನ್ ಪಕ್ಷೇತರರಾಗಿಯೇ ಗೆದ್ದರು.